ಇಂಗ್ಲಿಷ್ ಮಾತು ಮತ್ತು ನಮ್ಮ ಸಂಕೋಚ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲವೆಂದು ನಮ್ಮ ಹಿರಿಯರು ಹೇಳಿದ್ದಾರೆ. ಆದರೆ ಮಾತು ಬಲ್ಲವರಿಗೂ ಬಾಯಿ ಕಟ್ಟುವ ಒಂದು ಸಂದರ್ಭವುಂಟು. ಅದು ಇಂಗ್ಲಿಷಿನಲ್ಲಿ ಮಾತನಾಡಬೇಕಾದ ಸಂದರ್ಭ. ಕಾಲೇಜಿನ ಮರದಡಿಯಲ್ಲಿ ಗಂಟೆಗಟ್ಟಲೆ ರಾಜಕೀಯವನ್ನೂ ಸಿನಿಮಾವನ್ನೂ ಚರ್ಚಿಸುವ ನಮ್ಮ ಸಹಪಾಠಿಗಳು, ತರಗತಿಯಲ್ಲಿ ಅಧ್ಯಾಪಕರು ಇಂಗ್ಲಿಷಿನಲ್ಲಿ ಒಂದು ಸಣ್ಣ ಪ್ರಶ್ನೆ ಕೇಳಿದೊಡನೆ ತಲೆ ತಗ್ಗಿಸಿ ನೋಟ್ ಪುಸ್ತಕದಲ್ಲಿ ಏನನ್ನೋ ಹುಡುಕತೊಡಗುತ್ತಾರೆ. ಉತ್ತರ ಗೊತ್ತಿಲ್ಲವೆಂದಲ್ಲ; ಅದನ್ನು ಆಡಿ ತೋರಿಸುವ ಧೈರ್ಯವಿಲ್ಲ. ಈ ಸಂಕೋಚ ಎಲ್ಲಿಂದ ಬಂತು, ಅದನ್ನು ಕಳೆದುಕೊಳ್ಳುವ ಬಗೆ ಯಾವುದು ಎಂಬ ವಿಷಯವಾಗಿ ನನಗೆ ತೋರಿದ ನಾಲ್ಕು ಮಾತುಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯದು, ನಾವು ಇಂಗ್ಲಿಷ್ ಕಲಿತ ರೀತಿ. ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2007-08ನೆಯ ಸಾಲಿನಿಂದ ಒಂದನೆಯ ತರಗತಿಯಲ್ಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂದಿತು. ಆದ್ದರಿಂದ ನನ್ನ ವಯಸ್ಸಿನವರು ಬಿ.ಎ. ಅಂತಿಮ ವರ್ಷಕ್ಕೆ ಬರುವ ಹೊತ್ತಿಗೆ 14 ವರ್ಷ ಇಂಗ್ಲಿಷ್ ಓದಿರುತ್ತಾರೆ. ಓದಿದ್ದೇವೆ, ಬರೆದಿದ್ದೇವೆ, ಆಡಿಲ್ಲ. ಪಾಠವನ್ನು ಕನ್ನಡದಲ್ಲಿ ಕೇಳಿ, ಪ್ರಶ್ನೋತ್ತರಗಳನ್ನು ಉರು ಹೊಡೆದು, ಪರೀಕ್ಷೆಯಲ್ಲಿ ಇಳಿಸಿ ಬಂದೆವು. ನಾವು ಎಸ್.ಎಸ್.ಎಲ್.ಸಿ.ಗೆ ಕುಳಿತಾಗ ದ್ವಿತೀಯ ಭಾಷೆಯ 100 ಅಂಕಗಳಲ್ಲಿ 80 ಅಂಕ ಲಿಖಿತ ಪರೀಕ್ಷೆಗೇ ಮೀಸಲಾಗಿತ್ತು. ಈಜಿನ ವಿಷಯವಾಗಿ ಪ್ರಬಂಧ ಬರೆದ ಮಾತ್ರಕ್ಕೆ ಕೆರೆಯ ಅಂಜಿಕೆ ಹೋಗುವುದುಂಟೆ?

ಎರಡನೆಯದು, ಎರಡು ಭಾಷೆಗಳ ಜಾಯಮಾನವೇ ಬೇರೆ. ಕನ್ನಡದಲ್ಲಿ ಕ್ರಿಯಾಪದವು ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ. ಇಂಗ್ಲಿಷಿನಲ್ಲಿ ಕರ್ತೃವಿನ ಬೆನ್ನಿಗೇ ಬರುತ್ತದೆ. ನಾವು ‘ಮೇಜಿನ ಮೇಲೆ’ ಎನ್ನುವಲ್ಲಿ ಅವರು ‘ಮೇಲೆ’ಯನ್ನು ಮೊದಲು ಹೇಳಿ ಮೇಜನ್ನು ಆಮೇಲೆ ಹೇಳುತ್ತಾರೆ. ‘ಎ’, ‘ದಿ’ ಎಂಬ ಪುಟ್ಟ ಪದಗಳಿಗೆ ಸರಿಸಮನಾದುದು ನಮ್ಮಲ್ಲಿಲ್ಲ. ಕನ್ನಡದ ಪದಗಳು ಬಹುಮಟ್ಟಿಗೆ ಸ್ವರದಲ್ಲಿ ಮುಗಿಯುವುದರಿಂದ ‘ಬಸ್’ ಎಂಬುದು ನಮ್ಮ ಬಾಯಲ್ಲಿ ‘ಬಸ್ಸು’ ಆಗುತ್ತದೆ. ‘ಸ್ಕೂಲ್’ ಹಳ್ಳಿಗೆ ಬಂದು ‘ಇಸ್ಕೂಲು’ ಆಗುತ್ತದೆ. ಇಂಗ್ಲಿಷಿನ ‘ವಿ’ ಮತ್ತು ‘ಡಬ್ಲ್ಯೂ’ ಎರಡಕ್ಕೂ ನಮ್ಮಲ್ಲಿರುವುದು ಒಂದೇ ‘ವ’ಕಾರ, ಆದ್ದರಿಂದ ಪಡುವಣ ದಿಕ್ಕೂ ಒಳಂಗಿಯೂ ನಮ್ಮ ಉಚ್ಚಾರದಲ್ಲಿ ‘ವೆಸ್ಟ್’ ಎಂಬ ಒಂದೇ ಮಾತಾಗಿಬಿಡುತ್ತವೆ. ಇವು ಬುದ್ಧಿಮಾಂದ್ಯದಿಂದ ಬಂದ ದೋಷಗಳಲ್ಲ. ಒಂದು ಭಾಷೆಯಲ್ಲಿ ಪಳಗಿದ ನಾಲಿಗೆ ಇನ್ನೊಂದಕ್ಕೆ ತಿರುಗುವಾಗ ಬರುವ ತೊಡಕುಗಳು.

ಈ ತೊಡಕು ಇಂಗ್ಲಿಷರಿಗೂ ಇತ್ತು. ಅವರ ಕಾಲದಲ್ಲಿ ಬಳ್ಳಾರಿಯು ‘ಬೆಲ್ಲರಿ’ಯಾಯಿತು, ಬೆಳಗಾವಿಯು ‘ಬೆಲ್ಗಾಂ’ ಆಯಿತು, ಶಿವಮೊಗ್ಗವು ‘ಶಿಮೋಗ’ವಾಯಿತು. ಹಾಗೆ ಕರೆಯುವಾಗ ಅವರು ನಾಚಿ ತಲೆ ತಗ್ಗಿಸಿದಂತೆ ಕಾಣುವುದಿಲ್ಲ! ಅವರ ನಾಲಿಗೆಗೆ ಒಗ್ಗಿದ ರೂಪಗಳೇ ಸರ್ಕಾರದ ಕಾಗದಗಳಲ್ಲಿ ನೆಲೆ ನಿಂತವು. ಕೊನೆಗೆ 2014ರ ನವೆಂಬರ್ 1ರಂದು ನಮ್ಮ ಸರ್ಕಾರ 12 ಊರುಗಳ ಹೆಸರನ್ನು ಇಂಗ್ಲಿಷಿನಲ್ಲಿಯೂ ಕನ್ನಡದ ಉಚ್ಚಾರದಂತೆ ಬದಲಾಯಿಸಿತು. ಆಳುವವರ ತಪ್ಪು ರೂಢಿಯೆನಿಸಿತು. ಹಳ್ಳಿಯಿಂದ ಬಂದ ವಿದ್ಯಾರ್ಥಿಯ ತಪ್ಪು ನಗೆಪಾಟಲಾಯಿತು.

ಹೀಗೆ ವಿಚಾರಿಸಿದರೆ ನಮ್ಮನ್ನು ಅಂಜಿಸುವುದು ವ್ಯಾಕರಣವಲ್ಲ, ನಗೆ. ಅಧ್ಯಾಪಕರು ತಿದ್ದಿದರೆ ಮನಸ್ಸಿಗೆ ನೋವಾಗುವುದಿಲ್ಲ. ತಿದ್ದುವುದು ಅವರ ಧರ್ಮ. ನೋವಾಗುವುದು ಹಿಂದಿನ ಬೆಂಚಿನಿಂದ ಬರುವ ‘ಕಿಸಕ್’ ಎಂಬ ಸದ್ದಿನಿಂದ. ಹಾಗೆ ನಗಲು ಇಂಗ್ಲೆಂಡಿನಿಂದ ಯಾರೂ ಬರುವುದಿಲ್ಲ, ನಗುವವರು ನಮ್ಮವರೇ. ಆ ವಾಕ್ಯವನ್ನು ಸರಿಯಾಗಿ ಹೇಳುವುದು ಅವರಲ್ಲಿ ಹಲವರಿಗೂ ಬಾರದು. ಪ್ರಶ್ನೆ ತಮ್ಮ ಕಡೆಗೆ ತಿರುಗೀತೆಂಬ ಭಯದಿಂದಲೇ ಅವರು ಮೊದಲು ನಗುತ್ತಾರೆಂದು ನನ್ನ ಊಹೆ. ಇಬ್ಬರಿಗೂ ಇರುವುದು ಒಂದೇ ರೋಗ.

ಮಹಾತ್ಮ ಗಾಂಧಿಯವರಿಗೂ ಈ ಸಂಕೋಚವಿತ್ತೆಂಬುದು ಅವರ ಆತ್ಮಕಥೆಯನ್ನು ಓದಿದವರಿಗೆ ತಿಳಿದ ವಿಷಯ. ಇಂಗ್ಲೆಂಡಿನಲ್ಲಿದ್ದಾಗ ಬರೆದು ತಂದ ಭಾಷಣವನ್ನು ಸಹ ಓದಲಾರದೆ ಇನ್ನೊಬ್ಬರಿಂದ ಓದಿಸಿದರು. ಬ್ಯಾರಿಸ್ಟರಾಗಿ ಮರಳಿದ ಮೇಲೂ ಮುಂಬಯಿಯ ಕೋರ್ಟಿನಲ್ಲಿ ಮೊದಲ ಮೊಕದ್ದಮೆಗೆ ಎದ್ದು ನಿಂತು, ಬಾಯಿ ಹೊರಡದೆ ಕುಳಿತುಬಿಟ್ಟರು. ಅವರೇ 1893ರಲ್ಲಿ ದಕ್ಷಿಣ ಆಫ್ರಿಕದ ಪ್ರಿಟೋರಿಯಾದಲ್ಲಿ ನಮ್ಮವರ ಸಭೆಯನ್ನು ಕುರಿತು ಮಾತನಾಡಿದರು. ಅಲ್ಲಿದ್ದವರಲ್ಲಿ ಇಂಗ್ಲಿಷ್ ಬಲ್ಲವರು ತೀರ ಕಡಿಮೆಯೆಂದು ಕಂಡು, ಬೇಕಾದವರಿಗೆ ತಾವೇ ಕಲಿಸುವುದಾಗಿ ಹೇಳಿದರು. ಮೂವರು ಒಪ್ಪಿದರು: ಒಬ್ಬ ಕ್ಷೌರಿಕ, ಒಬ್ಬ ಗುಮಾಸ್ತ, ಒಬ್ಬ ಸಣ್ಣ ಅಂಗಡಿಯವ. ಕ್ಷೌರಿಕನಿಗೆ ಬೇಕಾಗಿದ್ದುದು ಗಿರಾಕಿಗಳೊಡನೆ ವ್ಯವಹರಿಸುವಷ್ಟು ಇಂಗ್ಲಿಷ್ ಮಾತ್ರ. ತನಗೆ ಬೇಕಾದುದೆಷ್ಟೆಂದು ಅವನು ಅರಿತಿದ್ದ. ನಾವು ಅದನ್ನು ಅರಿಯದೆ, ಆಡಿದರೆ ವಿದ್ವಾಂಸರಂತೆ ಆಡಬೇಕು, ಇಲ್ಲವಾದರೆ ಮೌನವೇ ಲೇಸೆಂದು ಕುಳಿತಿದ್ದೇವೆ.

ನಮಗೆ ಬೇಕಾದುದೆಷ್ಟು? ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗಳು. ಸಾಲದ ನೋಟೀಸು, ವಿಮೆಯ ಕಾಗದ, ಆಸ್ಪತ್ರೆಯ ಚೀಟಿ, ಏನು ಬಂದರೂ ಕೇರಿಯವರು “ಓದಿರೋಳು ನೀನು, ಇದೇನು ನೋಡವ್ವ” ಎಂದು ನನ್ನ ಕೈಗೆ ಕೊಡುತ್ತಾರೆ. ಓದಿ ಹೇಳುವುದು ಕಷ್ಟವಲ್ಲ. ಕನ್ನಡ ಬಾರದ ಅಧಿಕಾರಿಯ ಎದುರು ನಿಂತು, ಬಡ್ಡಿ ಇಷ್ಟೇಕೆ ಏರಿತೆಂದು ಅವರ ಪರವಾಗಿ ಕೇಳುವುದು ಕಷ್ಟ. ಕರ್ನಾಟಕದಲ್ಲಿ ಕೆಲಸ ಮಾಡುವ ಅಧಿಕಾರಿಯೇ ಕನ್ನಡ ಕಲಿಯಬೇಕಲ್ಲವೆ ಎಂದು ಕೆಲವರು ಕೇಳಬಹುದು. ಕಲಿಯಲೇಬೇಕು; ಆ ಒತ್ತಾಯವನ್ನು ನಾವು ಬಿಡಲಾಗದು. ಆದರೆ ಅವರು ಕಲಿಯುವವರೆಗೆ ಬಡ್ಡಿ ಕಾಯುವುದಿಲ್ಲ. ಇಂಗ್ಲಿಷ್ ಕಲಿತವರು ಕನ್ನಡಕ್ಕೆ ಎರವಾಗುತ್ತಾರೆಂಬ ಭಯವೂ ಬೇಡ. ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಬಿ. ಎಂ. ಶ್ರೀಕಂಠಯ್ಯನವರೇ ಹೊಸಗನ್ನಡ ಕಾವ್ಯಕ್ಕೆ ದಾರಿ ತೆರೆದವರಲ್ಲವೆ?

ಹಾಸ್ಟೆಲಿನಲ್ಲಿ ನಾವು ಐವರು ಗೆಳತಿಯರು ಕಳೆದ ವರ್ಷದಿಂದ ರಾತ್ರಿ ಊಟವಾದ ಮೇಲೆ ಅರ್ಧ ಗಂಟೆ ಇಂಗ್ಲಿಷಿನಲ್ಲಿ ಮಾತನಾಡುತ್ತಿದ್ದೇವೆ. ನಾವು ಇಟ್ಟುಕೊಂಡ ನಿಯಮಗಳು ಮೂರೇ. ಯಾರೂ ನಗಕೂಡದು. ಮಾತು ಮುಗಿಯುವ ಮೊದಲು ತಿದ್ದಕೂಡದು. ಬಲ್ಲ ವಿಷಯವನ್ನೇ ಆಡಬೇಕು. ಮೂರನೆಯದೇ ಬಹಳ ಉಪಕಾರ ಮಾಡಿತು. ‘ವಿಜ್ಞಾನದ ಸಾಧಕಬಾಧಕಗಳು’ ಎಂದರೆ ಯಾರಿಗೂ ಮಾತು ಹೊರಡಲಿಲ್ಲ. ಗದ್ದೆಯ ನಾಟಿ, ಮುದ್ದೆ ಮಾಡುವ ಬಗೆ, ಊರ ಜಾತ್ರೆ ಎಂದಾಗ ಹೇಗೋ ಪದಗಳು ಒದಗಿದವು. ಪದ ಸಿಗದ ಕಡೆ ಕನ್ನಡದ ಮಾತನ್ನೇ ಇಟ್ಟು ಮುಂದೆ ಹೋದೆವು. ತಪ್ಪುಗಳೆಲ್ಲ ತೊಲಗಿದವೆಂದು ಹೇಳಲಾರೆ. ಕಾಲು ನಡುಗುವುದು ಕಡಿಮೆಯಾಗಿದೆ. ಒಂದು ಮಾತಿನಲ್ಲಿ ನಿಂತುಹೋದರೆ ಅದನ್ನೇ ಬೇರೆ ರೀತಿಯಲ್ಲಿ ಹೇಳುವ ಉಪಾಯ ಸಿಕ್ಕಿದೆ. ಹಾಡುತ್ತ ಹಾಡುತ್ತ ರಾಗವೆಂಬುದು ಸುಳ್ಳಲ್ಲ.

ಆದ್ದರಿಂದ ಕಾಲೇಜಿನ ಹಿರಿಯರಲ್ಲಿ ನನ್ನದೊಂದು ವಿನಂತಿ. ಚರ್ಚಾಸ್ಪರ್ಧೆಗಳು ಈಗಾಗಲೇ ಮಾತು ಬಲ್ಲವರಿಗೆ ಬಹುಮಾನ ಕೊಡುತ್ತವೆ. ಮಾತು ಬಾರದವರಿಗೂ ವಾರಕ್ಕೆ ಒಂದು ಗಂಟೆ ದೊರೆಯಲಿ. ಅಲ್ಲಿ ತೀರ್ಪುಗಾರರು ಬೇಡ, ಬಹುಮಾನ ಬೇಡ. ಸಮಾಧಾನದಿಂದ ಕೇಳುವ ಒಬ್ಬ ಅಧ್ಯಾಪಕರಿದ್ದರೆ ಸಾಕು. ಸಹಪಾಠಿಗಳಲ್ಲಿಯೂ ಒಂದು ಪ್ರಾರ್ಥನೆ. ಮುಂದಿನ ಸಲ ತರಗತಿಯಲ್ಲಿ ಯಾರಾದರೂ ಎದ್ದು ಅರ್ಧ ವಾಕ್ಯ ಆಡಿ ತಡವರಿಸಿದರೆ ದಯವಿಟ್ಟು ನಗಬೇಡಿ. ಉಳಿದರ್ಧ ಹೊರಡುವವರೆಗೆ ಕಾಯಿರಿ. ಇದಕ್ಕೆ ಕಾಸಿನ ಖರ್ಚಿಲ್ಲ. ಆದರೆ ಇದರಿಂದ ಒಬ್ಬರ ಬಾಯಿ ಜೀವಮಾನಕ್ಕೆ ತೆರೆಯಬಹುದು.