ಕಾದು ಕುಳಿತ ಎಂಜಿನ್ನಿಗೆ ಎಂಥ ಎಣ್ಣೆ?

ಕುಷ್ಟಗಿ, ಯಲಬುರ್ಗಾ ಸೀಮೆಯ ರೈತನಿಗೆ ಚಕ್ಕಡಿಯ ಕೀಲೆಣ್ಣೆಯ ಮರ್ಮವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಚ್ಚಿಗೆ ಹರಳೆಣ್ಣೆ ಸವರಿ ಮುಂಜಾನೆ ಎತ್ತು ಹೂಡಿದರಾಯಿತು. ಮೋಟಾರು ಬಂದ ಮೇಲೂ ಆ ಎಣ್ಣೆಯ ಗೌರವ ಕುಗ್ಗಲಿಲ್ಲ. 1909ರಲ್ಲಿ ಇಂಗ್ಲೆಂಡಿನ ವೇಕ್‌ಫೀಲ್ಡ್ ಕಂಪನಿಯು ತನ್ನ ಎಣ್ಣೆಗೆ ಕ್ಯಾಸ್ಟ್ರಾಲ್ ಎಂದು ಹೆಸರಿಟ್ಟದ್ದು ಹರಳಿನ ನೆನಪಿನಿಂದಲೇ. ಆದರೆ ಇಂದು ಹಚ್ಚಿ ಇಂದೇ ಓಡಿಸುವ ಎಣ್ಣೆ ಬೇರೆ, ಇಂದು ಹಚ್ಚಿ ಎರಡು ವರ್ಷದ ಮೇಲೆ ಓಡಿಸುವ ಎಣ್ಣೆ ಬೇರೆ. ಹರಳೆಣ್ಣೆಯು ಬಹುದಿನ ಗಾಳಿಗೆ ತೆರೆದಿದ್ದರೆ ಅಂಟಾಗಿ ಕೂರುತ್ತದೆ.

ಗಂಗಾವತಿಯ ಒಂದು ಮನೆಯಲ್ಲಿ ತಂದೆಯ ಕಾಲದ ಅಂಬಾಸಿಡರ್ ಇದೆಯೆಂದು ಭಾವಿಸಿರಿ. 2014ರಲ್ಲಿ ಆ ಕಾರಿನ ತಯಾರಿಕೆಯೇ ನಿಂತುಹೋಯಿತಾದ್ದರಿಂದ ಮಕ್ಕಳಿಗೆ ಅದರ ಮೇಲೆ ಮಮತೆ ಇನ್ನಷ್ಟು. ಎಂಜಿನ್ನನ್ನು ಬಿಚ್ಚಿ, ಸಿಲಿಂಡರುಗಳನ್ನು ಕೊರೆಸಿ, ಹೊಸ ಬೇರಿಂಗು, ಹೊಸ ಕ್ಯಾಮ್‌ಶಾಫ್ಟ್ ಹಾಕಿ ಜೋಡಿಸಿದ್ದಾಯಿತು. ಅಷ್ಟರಲ್ಲಿ ತಗಡಿನ ಕೆಲಸ ಮುಂದಕ್ಕೆ ಹೋಯಿತು, ಮನೆಯಲ್ಲಿ ಮದುವೆ ಬಂತು, ಎಂಜಿನ್ನು ಗೋಣಿತಟ್ಟಿನ ಕೆಳಗೆ ಎರಡು ಮಳೆಗಾಲ ಕಳೆಯಿತು. ಕೊನೆಗೊಂದು ಶುಭದಿನ ಚಾಲೂ ಮಾಡಿದರೆ ಅರ್ಧ ಗಂಟೆಯೊಳಗೆ ಟಕಟಕ ಸದ್ದು! ಕ್ಯಾಮಿನ ಉಬ್ಬುಗಳು ಸವೆದುಹೋಗಿವೆ. ಮಿಸ್ತ್ರಿಯ ಕೈಚಳಕದಲ್ಲಿ ದೋಷವಿರಲಿಲ್ಲ. ಜೋಡಿಸುವಾಗ ಅವನು ಹಚ್ಚಿದ್ದು ಸಾಮಾನ್ಯ ಎಂಜಿನ್ ಎಣ್ಣೆ; ಅದು ಕೆಲವೇ ವಾರಗಳಲ್ಲಿ ಇಳಿದು ಕೆಳಗಿನ ತೊಟ್ಟಿಯನ್ನು ಸೇರಿತ್ತು.

ಎಂಜಿನ್ನು ಓಡುತ್ತಿರುವಾಗ ಪಂಪು ಎಣ್ಣೆಯನ್ನು ಒತ್ತಿ ತಂದು ಲೋಹಕ್ಕೂ ಲೋಹಕ್ಕೂ ನಡುವೆ ಪೊರೆ ಕಟ್ಟುತ್ತದೆ. ಮೊದಲ ಕ್ಷಣಗಳಲ್ಲಿ ಪಂಪಿನ ಎಣ್ಣೆ ಇನ್ನೂ ತಲುಪಿರುವುದಿಲ್ಲ; ಜೋಡಿಸುವಾಗ ಹಚ್ಚಿದ್ದೇ ಗತಿ. ಆದುದರಿಂದ ಬೇರಿಂಗುಗಳಿಗೆ ಜೋಡಣೆಗೆಂದೇ ತಯಾರಾದ, ಜೇನಿನಂತೆ ಅಂಟಿ ನಿಲ್ಲುವ ಲೇಪವನ್ನು ಆರಿಸಬೇಕು. ಕ್ಯಾಮಿನ ಉಬ್ಬಿಗೂ ಚಪ್ಪಟೆ ಟ್ಯಾಪೆಟ್ಟಿನ ಮುಖಕ್ಕೂ ಇನ್ನೂ ಗಟ್ಟಿಯಾದದ್ದು, ಮಾಲಿಬ್ಡಿನಂ ಡೈಸಲ್ಫೈಡ್ ಬೆರೆತ ಕಪ್ಪು ಲೇಪವೇ ತಕ್ಕದ್ದು. ಎಣ್ಣೆ ಪಂಪಿನ ಹಲ್ಲುಗಳ ನಡುವೆ ಪೆಟ್ರೋಲಿಯಂ ಜೆಲ್ಲಿ ತುಂಬಿದರೆ ಅದು ಬಿಸಿಗೆ ಕರಗಿ ಎಣ್ಣೆಯೊಡನೆ ಬೆರೆಯುತ್ತದೆ. ಚಕ್ರದ ಗ್ರೀಸನ್ನು ಮಾತ್ರ ಯಾರೆಷ್ಟು ಹೇಳಿದರೂ ಒಳಗೆ ಬಿಡಬಾರದು. ಅದು ಸುಲಭವಾಗಿ ಕರಗದೆ ಎಣ್ಣೆಯ ಕಿರುದಾರಿಗಳನ್ನು ಕಟ್ಟುತ್ತದೆ.

ಇಷ್ಟು ಕೇಳಿದವರು ಪಿಸ್ಟನ್ನಿಗೂ ಕಪ್ಪು ಲೇಪವನ್ನೇ ಬಳಿದಾರು. ಅದು ತಪ್ಪು. ಹೊಸ ಉಂಗುರಗಳು ಸಿಲಿಂಡರಿನ ಗೋಡೆಯ ಸಣ್ಣ ಗೀರುಗಳ ಮೇಲೆ ಉಜ್ಜಿಯೇ ಹೊಂದಿಕೊಳ್ಳಬೇಕು. ಅತಿಯಾದ ಜಾರಿಕೆ ಅದಕ್ಕೆ ಅಡ್ಡಿ. ಅಲ್ಲಿಗೆ ತೆಳುವಾದ ಎಣ್ಣೆ ಸಾಕು. ಬಹುಕಾಲ ಇಡುವುದಾದರೆ ತುಕ್ಕು ತಡೆಯುವ ಸಂರಕ್ಷಕ ಎಣ್ಣೆಯೇ ಬೇಕು.

ತುಕ್ಕಿನ ವಿಚಾರದಲ್ಲಿ ಊರನ್ನೂ ನೋಡಬೇಕಾಗುತ್ತದೆ. ಕೊಪ್ಪಳದ ಬಳಿಯ ಬೇವಿನಹಳ್ಳಿಯ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಎಂಜಿನ್ ಬ್ಲಾಕುಗಳನ್ನು ಎರಕ ಹೊಯ್ಯುತ್ತಾರೆ. ಅದೇ ಬಗೆಯ ಎರಕದ ಕಬ್ಬಿಣವೇ ಸಿಲಿಂಡರಿನ ಬರಿಮೈ ಗೋಡೆ. ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇಕಡಾ 60 ದಾಟಿದರೆ ಅದು ಬೇಗ ತುಕ್ಕುಗೊಳ್ಳುತ್ತದೆ. ಯಲಬುರ್ಗಾದ ಒಣನೆಲದಲ್ಲಿ ಕ್ಷಮಿಸಬಹುದಾದ ಅಲಕ್ಷ್ಯವು ತುಂಗಭದ್ರೆಯ ಎಡದಂಡೆ ಕಾಲುವೆ ಹರಿಯುವ, ಸುತ್ತ ಬತ್ತದ ಗದ್ದೆಗಳಿರುವ ಗಂಗಾವತಿಯಲ್ಲಿ ನಡೆಯದು. ರಾಕರುಗಳನ್ನು ಸಡಿಲಿಸಿದರೆ ವಾಲ್ವುಗಳೆಲ್ಲ ಮುಚ್ಚಿರುತ್ತವೆ, ಕ್ಯಾಮಿನ ಮೇಲೆ ಭಾರವೂ ಬೀಳದು. ಎಲ್ಲ ರಂಧ್ರಗಳನ್ನೂ ಮುಚ್ಚಿ, ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಇಡೀ ಎಂಜಿನ್ನನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿಯಬೇಕು. ವಾರಕ್ಕೊಮ್ಮೆ ಕೈಯಿಂದ ತಿರುಗಿಸಿಡುವ ಪದ್ಧತಿಯನ್ನು ಹಲವರು ಹೊಗಳುತ್ತಾರೆ. ಆದರೆ ಹಾಗೆ ತಿರುಗಿಸಿದಷ್ಟೂ ಹಚ್ಚಿದ ಲೇಪ ಒರಸಿಹೋಗುವುದೇ ಲಾಭ!

ಚಾಲೂ ಮಾಡುವ ದಿನ ತುಂಬುವ ಎಣ್ಣೆಯಲ್ಲಿಯೂ ಒಂದು ಸೂಕ್ಷ್ಮವಿದೆ. 2004ರ ಎಸ್.ಎಂ. ದರ್ಜೆಯಿಂದೀಚೆಗೆ, ಹೊಗೆ ಶುದ್ಧಿಮಾಡುವ ಉಪಕರಣ ಕೆಡದಿರಲೆಂದು, ತೆಳು ಪೆಟ್ರೋಲ್ ಎಂಜಿನ್ ಎಣ್ಣೆಗಳಲ್ಲಿ ರಂಜಕವನ್ನು ಶೇಕಡಾ 0.08ಕ್ಕೆ ಮಿತಿಗೊಳಿಸಲಾಗಿದೆ. ಚಪ್ಪಟೆ ಟ್ಯಾಪೆಟ್ಟನ್ನು ಕಾಯುವುದು ಸತು ಮತ್ತು ರಂಜಕದ ಅದೇ ಸಂಯುಕ್ತ. ಅಂಬಾಸಿಡರಿನಂಥ ಹಳೆಯ ಎಂಜಿನ್ನಿಗೆ ಅದು ಹೆಚ್ಚಾಗಿರುವ ದಪ್ಪ ಎಣ್ಣೆಯನ್ನೇ ಕೇಳಿ ಕೊಳ್ಳಬೇಕು. ರಾಕರುಗಳನ್ನು ಮತ್ತೆ ಹೊಂದಿಸಿ, ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆದು, ಒತ್ತಡದ ಮುಳ್ಳು ಮೇಲೇಳುವತನಕ ಸ್ಟಾರ್ಟರಿನಿಂದ ತಿರುಗಿಸಿ, ಆಮೇಲೆಯೇ ಕಿಡಿ ಕೊಡುವುದು. ನಿಮಿಷಕ್ಕೆ ಸುಮಾರು 2000 ಸುತ್ತಿನಂತೆ 20 ನಿಮಿಷ ಓಡಿಸಿದ ಬಳಿಕ ಆ ಎಣ್ಣೆಯನ್ನು ಬಸಿದು ಫಿಲ್ಟರನ್ನು ಬದಲಿಸಬೇಕು.

ಜೋಡಿಸಿದವನೇ ಚಾಲೂ ಮಾಡುವನೆಂಬ ಭರವಸೆಯಿಲ್ಲವಾದ್ದರಿಂದ, ಯಾವ ದಿನ ಎಲ್ಲೆಲ್ಲಿ ಏನು ಹಚ್ಚಿದೆ, ಯಾವ ರಂಧ್ರಕ್ಕೆ ಬಟ್ಟೆ ತುರುಕಿದೆ, ರಾಕರು ಸಡಿಲವಾಗಿವೆಯೇ ಎಂಬುದನ್ನೆಲ್ಲ ಬರೆದ ಚೀಟಿಯೊಂದನ್ನು ಎಂಜಿನ್ನಿನ ಕೊರಳಿಗೆ ತಂತಿಯಿಂದ ಕಟ್ಟಿರಬೇಕು.