ನೀರಿನೊಳಗೆ ಮಾತು ಬೇಕೆ?

ಮುರುಡೇಶ್ವರದ ಕಡಲಾಚೆ ಇರುವ ನೇತ್ರಾಣಿ ದ್ವೀಪದ ಬಳಿ, ಬೆನ್ನಿಗೆ ಗಾಳಿಯ ಸಿಲಿಂಡರನ್ನು ಕಟ್ಟಿಕೊಂಡು ವಿನೋದಕ್ಕಾಗಿ ಸಮುದ್ರಕ್ಕಿಳಿಯುವವರನ್ನು ಇಂದು ಕಾಣಬಹುದು. ನೀರಿನಲ್ಲಿ ಉಸಿರಾಡುವ ಸಮಸ್ಯೆಯನ್ನು ಕುಸ್ತೋ ಮತ್ತು ಗಾನ್ಯಾನ್ ಎಂಬ ಫ್ರೆಂಚರು 1943ರಲ್ಲಿಯೇ ಬಗೆಹರಿಸಿದರು. ಆದರೆ ಜೊತೆಗಾರನೊಡನೆ ಎರಡು ಮಾತನಾಡುವ ಸೌಕರ್ಯ ಬಹುಮಂದಿ ಮುಳುಗುಗಾರರಿಗೆ ಇನ್ನೂ ಇಲ್ಲ. ಕೈಸನ್ನೆಯೇ ಅವರ ಭಾಷೆ. ಖಂಡಾಂತರದವರೊಡನೆ ಸಲೀಸಾಗಿ ಮಾತನಾಡುವ ಈ ಕಾಲದಲ್ಲಿ ಹತ್ತು ಮೀಟರು ದೂರದ ಗೆಳೆಯನನ್ನು ಕರೆಯಲಾಗದೆಂಬುದು ವಿಚಿತ್ರವಲ್ಲವೆ?

ಉಪ್ಪುನೀರು ವಿದ್ಯುದ್ವಾಹಕವಾದುದರಿಂದ ರೇಡಿಯೋ ಅಲೆಗಳನ್ನು ಹೀರಿಬಿಡುತ್ತದೆ. ಸೆಕೆಂಡಿಗೆ 10 ಕೋಟಿ ಕಂಪನಗಳುಳ್ಳ ಅಲೆಯು ಸಮುದ್ರದಲ್ಲಿ ಎರಡೂವರೆ ಸೆಂಟಿಮೀಟರು ಸಾಗುವಷ್ಟರಲ್ಲಿಯೇ ಅದರ ವಿಸ್ತಾರವು ಮೂರರಲ್ಲಿ ಒಂದು ಪಾಲಿನ ಸಮೀಪಕ್ಕೆ ಇಳಿದಿರುತ್ತದೆ. ಶಬ್ದದ ಸ್ವಭಾವ ಬೇರೆ. 1826ರಲ್ಲಿ ಜಿನೀವಾ ಸರೋವರದಲ್ಲಿ ಗಂಟೆಯೊಂದನ್ನು ಮುಳುಗಿಸಿ ಬಾರಿಸಿದ ಕೊಲಾಡಾನ್ ಮತ್ತು ಸ್ಟರ್ಮ್ ಅವರಿಗೆ ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ 1435 ಮೀಟರೆಂದು ತಿಳಿಯಿತು; ಇದು ಗಾಳಿಯಲ್ಲಿನ ವೇಗದ ನಾಲ್ಕು ಪಟ್ಟಿಗೂ ಹೆಚ್ಚು. ಈ ಗುಣವನ್ನೇ ಆಧರಿಸಿ 1945ರ ವೇಳೆಗೆ ಅಮೆರಿಕದ ಜಲಾಂತರ್ಗಾಮಿಗಳಿಗೆ ದೂರವಾಣಿ ಸಿದ್ಧವಾಯಿತು. ಇಂದಿನ ಮುಳುಗುಗಾರರ ಕೆಲವು ಉಪಕರಣಗಳು ಸೆಕೆಂಡಿಗೆ 32,768 ಕಂಪನಗಳ, ನಮ್ಮ ಕಿವಿಗೆ ಕೇಳಿಸದ, ಶಬ್ದತರಂಗದ ಮೇಲೆ ಮಾತನ್ನು ಹೊರಿಸಿ ಕಳುಹಿಸುತ್ತವೆ. ಗ್ರಾಹಕವು ಅದನ್ನು ಮತ್ತೆ ಮಾತಾಗಿಸುತ್ತದೆ.

ಹಾಗಾದರೆ ತೊಡಕೆಲ್ಲಿ? ನಮ್ಮ ಬಾಯಿಯಲ್ಲಿ! ಉಸಿರಾಟದ ಕೊಳವೆಯನ್ನು ಕಚ್ಚಿ ಹಿಡಿದವನ ತುಟಿಗಳು ಒಂದನ್ನೊಂದು ಕೂಡಲಾರವು. ಪ, ಬ, ಮ ಮೊದಲಾದ ಓಷ್ಠ್ಯಾಕ್ಷರಗಳು ಹೊರಡಲಾರವು. ‘ಅಮ್ಮಾ’ ಎನ್ನಲಾರ, ‘ಅಪಾಯ’ ಎಂದೂ ಅನ್ನಲಾರ. ಇದಕ್ಕಾಗಿ ಮುಖವನ್ನೆಲ್ಲ ಮುಚ್ಚುವ ಮುಖವಾಡ ಬೇಕು. ಅದರ ಬೆಲೆ ಹೆಚ್ಚು. ಬಳಕೆಗೆ ಪ್ರತ್ಯೇಕ ಶಿಕ್ಷಣವೂ ಅಗತ್ಯ.

ಪ್ರತಿಯೊಬ್ಬ ಮುಳುಗುಗಾರನಿಗೂ ಮಾತಿನ ಯಂತ್ರ ಬೇಕೆಂಬ ವಾದವನ್ನು ನಾವು ಒಪ್ಪಲಾರೆವು. ಶಿಕ್ಷಕನಿಗೆ, ರಕ್ಷಣಾಕಾರ್ಯದವರಿಗೆ ಅದು ಬೇಕು, ಸಂದೇಹವಿಲ್ಲ. ಆದರೆ ಗುಳ್ಳೆಗಳ ಸದ್ದು, ಬಂಡೆಗಳ ಅಡ್ಡಿ, ಮೇಲ್ಮೈ ಮತ್ತು ತಳಗಳ ಪ್ರತಿಧ್ವನಿ ಇವುಗಳಿಂದ ಮಾತು ಯಾವ ಕ್ಷಣದಲ್ಲಾದರೂ ಕೆಡಬಹುದು. ಧ್ವನಿ ಕೇಳುತ್ತಿದೆಯೆಂಬ ಧೈರ್ಯದಿಂದ ಜೊತೆಗಾರರು ದೂರ ಸರಿದರೆ ಗತಿಯೇನು? ಗಾಳಿ ತೀರಿದವನನ್ನು ಉಳಿಸುವುದು ಗೆಳೆಯನ ಧ್ವನಿಯಲ್ಲ, ಆತನ ಬಳಿಯಿರುವ ಹೆಚ್ಚುವರಿ ಉಸಿರಾಟದ ಕೊಳವೆ. ಅದು ಕೈಗೆಟಕುವಷ್ಟು ಸಮೀಪದಲ್ಲಿರಬೇಕು. ಇನ್ನೊಂದು ಮಾತು: ನಮಗೆ ಕೇಳಿಸದ ಈ ಕಂಪನಗಳು ಡಾಲ್ಫಿನ್ನುಗಳಿಗೆ ಕೇಳಿಸುತ್ತವೆ. ಅವುಗಳ ಮನೆಯಲ್ಲಿ ನಮ್ಮ ಹರಟೆಗೆ ಮಿತಿ ಇರುವುದು ಲೇಸು.

ಸಾಮಾನ್ಯ ಮುಳುಗುಗಾರನಿಗೆ ಮೊದಲು ಬೇಕಾದುದು ಸಂಭಾಷಣೆಯಲ್ಲ, ಸುಲಭ ಬೆಲೆಯ ಎಚ್ಚರಿಕೆ. 2022ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಸಂಶೋಧಕರು ಸಾಮಾನ್ಯ ಮೊಬೈಲಿನ ಧ್ವನಿವರ್ಧಕ ಮತ್ತು ಮೈಕುಗಳಿಂದಲೇ ನೀರಿನೊಳಗೆ ಸುಮಾರು 30 ಮೀಟರು ದೂರಕ್ಕೆ ಸಂದೇಶ ಕಳುಹಿಸಿ ತೋರಿಸಿದರು; ಕೈಸನ್ನೆಗಳಿಗೆ ಹೊಂದುವ 240 ಸಿದ್ಧ ಸಂದೇಶಗಳು ಅದರಲ್ಲಿದ್ದುವು. ತುಟಿಗಳ ಹಂಗಿಲ್ಲದ ಈ ಮಾರ್ಗವೇ ನಮಗೆ ಹೆಚ್ಚು ಹಿತವಾಗಿ ತೋರುತ್ತದೆ.

ಭೌತವಿಜ್ಞಾನವನ್ನು ಅಭ್ಯಸಿಸುತ್ತಿರುವ ತರುಣರು ಈ ದಿಕ್ಕಿನಲ್ಲಿ ಯೋಚಿಸಲಿ. ಅಂತಹ ಉಪಕರಣ ಕೈಗೆ ಬಂದ ಮೇಲೂ ಕೈಸನ್ನೆಗಳನ್ನು ಮರೆಯದಿರಲಿ. ಅವಕ್ಕೆ ವಿದ್ಯುತ್ಕೋಶ ಬೇಕಿಲ್ಲ. ಜೊತೆಗಾರನು ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿದ್ದರೆ ಸಾಕು.