ಮುದ್ದೆ ಮೆಚ್ಚಿದ ಮೀನು

ನಮ್ಮ ಹಾರನಹಳ್ಳಿ ಕಡೆ ಮುದ್ದೆ ಇಲ್ಲದಿದ್ದರೆ ಊಟ ಮಾಡಿದ ಹಾಗೇ ಆಗೋದಿಲ್ಲ. ಕಾವೇರಿಯ ಮೀನಿಗೂ ಅದೇ ಚಪಲ ಅಂದರೆ ನಂಬುತ್ತೀರಾ?

ಮೇಕೆದಾಟು ಸಂಗಮದ ಹತ್ತಿರ ಗಾಳಿಬೋರೆ ಅಂತ ಒಂದು ಜಾಗವಿದೆ. ಅಲ್ಲಿನ ಶಿಬಿರಕ್ಕೆ ಪರದೇಶದವರು ಮಹಶೀರ್ ಮೀನಿಗೆ ಗಾಳ ಹಾಕಲೆಂದೇ ಬರುತ್ತಿದ್ದರು. ಜೊತೆಗಿದ್ದು ದಾರಿ ತೋರಿಸುವವರು ಆ ಕಡೆಯ ಹಳ್ಳಿಗರು. ರಾಗಿಹಿಟ್ಟನ್ನು ಗಟ್ಟಿಯಾಗಿ ಬೇಯಿಸಿ, ಉಂಡೆ ಕಟ್ಟಿ, ಗಾಳಕ್ಕೆ ಸಿಕ್ಕಿಸಿ ಕೊಡುತ್ತಿದ್ದರು. ಮೀನು ಎಳೆದ ಕಡೆಗೆ ಹರಿಗೋಲು ನಡೆಸುತ್ತಿದ್ದರು. ಸಿಕ್ಕ ಮೀನಿನ ತೂಕವನ್ನು ಪುಸ್ತಕದಲ್ಲಿ ಬರೆದು, ಅದನ್ನು ಜೀವಂತವಾಗಿ ಹೊಳೆಗೇ ಬಿಡಬೇಕಿತ್ತು. ಕಬಿನಿಯಲ್ಲಿ 1946ರಲ್ಲಿ 120 ಪೌಂಡಿನ, ಅಂದರೆ ಸುಮಾರು 54 ಕಿಲೋ ತೂಕದ ಮಹಶೀರ್ ಸಿಕ್ಕಿತ್ತಂತೆ!

ಅಭಯಾರಣ್ಯದೊಳಗೆ ಗಾಳ ಹಾಕೋದು ಕಾಯಿದೆಗೆ ವಿರುದ್ಧವೆಂದು 2012ರ ಹೊತ್ತಿಗೆ ಅದೆಲ್ಲ ನಿಂತಿತು. ಉಳಿದದ್ದು ಆ ಪುಸ್ತಕ. 1998ರಿಂದ ಬರೆದಿಟ್ಟ ಲೆಕ್ಕ ನೋಡಿದಾಗ ವಿಜ್ಞಾನಿಗಳಿಗೆ ಗೊತ್ತಾಯಿತು: ಸಿಗುವ ಮೀನಿನ ಸಂಖ್ಯೆ ಹೆಚ್ಚಿದೆ, ಆದರೆ ಕಾವೇರಿಯದೇ ಆದ ಗೂನುಬೆನ್ನಿನ ಮಹಶೀರ್ ಮಾಯವಾಗುತ್ತಿದೆ. ಹೆಚ್ಚಿದ್ದು ಹೊರಗಿನಿಂದ ತಂದು ಬಿಟ್ಟ, ನೀಲಿ ರೆಕ್ಕೆಯ ಇನ್ನೊಂದು ಜಾತಿ. ಮೀನು ಹೆಚ್ಚಲಿ ಅಂತ ಒಳ್ಳೆಯ ಮನಸ್ಸಿನಿಂದಲೇ ಬಿಟ್ಟದ್ದು! 2018ರಲ್ಲಿ ಗೂನುಬೆನ್ನಿನ ಮೀನು ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು.

ಮನೆಯ ಲೆಕ್ಕವೂ ಹಾಗೇ ಅಲ್ಲವೇ? ತಿಂಗಳ ಮೊತ್ತ ಸರಿಯಾಗಿಯೇ ಇರುತ್ತೆ. ಮಕ್ಕಳ ಹಾಲು ಕಡಿಮೆಯಾಗಿ ಕಾಫಿಪುಡಿ ಹೆಚ್ಚಾದದ್ದು ಬಿಡಿಬಿಡಿಯಾಗಿ ಬರೆದಾಗಲೇ ಕಾಣೋದು. ಮೊತ್ತ ನೋಡಿ ಸಮಾಧಾನಪಡಬೇಡಿ, ಸಾಲುಸಾಲೂ ನೋಡಿ.